ಮಗಳೇನೂ ಬಾಗಿಲಿಗೆ ಬೀಗ ಹಾಕಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪತ್ರಿಕೇಲಿ ಹಿರಿಯರೊಬ್ಬರು ಬರೆದಿದ್ದ ಪತ್ರ ಓದಿದೆ. ಫಾರಿನ್ನಲ್ಲಿರೋ ಮಕ್ಕಳ ಮನೆಗೆ ಹೋಗೋದು ಅಂದ್ರೆ ಚಿನ್ನದ ಪಂಜರ, ಸೋಮವಾರದಿಂದ ಶುಕ್ರವಾರದವರೆಗೆ ಕಿಟಕಿ ನೋಡ್ಕೊಂಡು ಕೂತಿರೋದು, ಶನಿವಾರ ಮಕ್ಕಳಿಗೆ ಪುರುಸೊತ್ತಾದ್ರೆ ಕಾರಲ್ಲಿ ಹತ್ತಿಸ್ಕೊಂಡು ಹೋಗಿ ಒಂದು ದೇವಸ್ಥಾನ ಒಂದು ಮಾಲ್ ತೋರಿಸಿ ವಾಪಸ್ ತಂದು ಬಿಡೋದು, ಅಂತೆಲ್ಲ ಬರೆದಿದ್ರು. ಅವರ ಸಂಕಟ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಓದ್ತಾ ಓದ್ತಾ ನನಗೆ ಒಂದೇ ಅನ್ನಿಸ್ತು, ಸ್ವಾಮೀ ನೀವು ಶನಿವಾರದ ತನಕ ಯಾಕೆ ಕಾದ್ರಿ? ಅದನ್ನ ಕೇಳೋಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ನಿಮಗೆ ಬೇಕಾದಷ್ಟು ಕತ್ತರಿಸಿ ಹಾಕ್ಕೊಳ್ಳಿ.

ನಾನು ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಡಂ. ನಮ್ಮೆಜಮಾನ್ರು ಕೆಎಸ್ಸಾರ್ಟಿಸೀಲಿ ಕಂಡಕ್ಟರ್ ಆಗಿ ಸೇರಿ ಕೊನೆಗೆ ಚೆಕಿಂಗ್ ಸ್ಕ್ವಾಡಿನಲ್ಲಿದ್ದು ರಿಟೈರ್ ಆದ್ರು. ನಮ್ಮ ಮದುವೆ 1984ರಲ್ಲಿ. ಆಗ ಸ್ಟಾಫ್ ಪಾಸಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೇ ನಮ್ಮ ಹನಿಮೂನು. ಆಮೇಲೆ ಅವ್ರು ಊರೂರು ತಿರುಗಿದ್ರು, ನೈಟ್ ಹಾಲ್ಟ್ ಮಾಡಿದ್ರು, ಬಸ್ಸಲ್ಲೇ ಅವರ ಆಯಸ್ಸು ಕಳೀತು, ನಾನು ಮಾತ್ರ ಮನೆ ಸ್ಕೂಲು ಸ್ಕೂಲು ಮನೆ. ನಲವತ್ತು ವರ್ಷ ಬಸ್ಸಿನ ಸಂಬಳದಲ್ಲಿ ಊಟ ಮಾಡಿದ ನಾನು ಗಂಡನ ಪಕ್ಕ ಬಸ್ ಸೀಟಲ್ಲಿ ಕೂತಿದ್ದು ಬೆರಳಲ್ಲಿ ಎಣಿಸ್ಬೋದು.

2024ರ ಮೇ ತಿಂಗಳಲ್ಲಿ ಮಗಳ ಮನೆಗೆ ಹೋದ್ವಿ. ಇಂಗ್ಲೆಂಡಲ್ಲಿ ರೆಡಿಂಗ್ ಅಂತ ಊರು, ಬರೆಯೋದು ರೀಡಿಂಗ್ ಅನ್ನೋ ಹಾಗೆ ಆದ್ರೆ ಹಾಗಂದ್ರೆ ಮೊಮ್ಮಗ ನಗ್ತಾನೆ. ಲಂಡನ್ನಿಂದ ಪಶ್ಚಿಮಕ್ಕೆ, ಫಾಸ್ಟ್ ಟ್ರೈನಲ್ಲಿ ಅರ್ಧ ಗಂಟೆ ಒಳಗೆ. ಐಟಿ ಕಂಪನಿಗಳು ಜಾಸ್ತಿ ಇರೋದ್ರಿಂದ ನಮ್ಮೋರೂ ಬೇಕಾದಷ್ಟು ಜನ ಇದ್ದಾರೆ, ಇಂಡಿಯನ್ ಅಂಗಡೀಲಿ ರಾಗಿಹಿಟ್ಟಿಂದ ಹಿಡಿದು ಎಲ್ಲಾ ಸಿಗುತ್ತೆ. ನಾನು ಸುಮ್ನೆ ಐದು ಕೆಜಿ ಹಿಟ್ಟು ಹೊತ್ಕೊಂಡು ಹೋಗಿದ್ದೆ. ಹಾಲಿನ ಪದಾರ್ಥ ತರೋ ಹಾಗಿಲ್ಲ ಅಂತ ಅಲ್ಲಿ ರೂಲ್ಸು, ಅದಕ್ಕೆ ಪೇಡ ತುಪ್ಪ ಬಿಟ್ಟು ಸಾರಿನಪುಡಿ, ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ, ಹುಣಸೆ ತೊಕ್ಕು ಇಷ್ಟೇ ಬ್ಯಾಗಿಗೆ ಹಾಕಿದ್ದು. ಇಷ್ಟೇ ಅಂದ್ರೂ 23 ಕೆಜಿ ಆಯ್ತು.

ಮೊದಲನೇ ವಾರ ನಾವೂ ಆ ಹಿರಿಯರು ಬರೆದ ಹಾಗೇ ಇದ್ವಿ, ನಿಜ ಹೇಳ್ಬೇಕು. ಮೊಮ್ಮಗನ್ನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಸ್ಕೂಲಿಗೆ ಬಿಟ್ಟು ಬರೋದು, ಮಧ್ಯಾಹ್ನ ಮೂರೂಕಾಲಿಗೆ ಕರ್ಕೊಂಡು ಬರೋದು, ನಡುವೆ ಮನೇಲಿ ಮಗಳು ಒಂದು ರೂಮಲ್ಲಿ ಮೀಟಿಂಗು ಅಳಿಯ ಇನ್ನೊಂದು ರೂಮಲ್ಲಿ ಮೀಟಿಂಗು, ನಾವು ಕುಕ್ಕರ್ ಕೂಗಿಸೋಕೂ ಹೆದರ್ಕೊಂಡು ಹಾಲಲ್ಲಿ ಕೂತಿರೋದು. ನಮ್ಮೆಜಮಾನ್ರು ಕಿಟಕೀಲಿ ಬಸ್ಸು ಎಣಿಸೋಕೆ ಶುರು ಮಾಡಿದ್ರು. ಮೂರನೇ ದಿನಕ್ಕೆ ಟೈಮಿಂಗ್ ಬಾಯಿಪಾಠ. ಐದನೇ ದಿನ, "ಲೇ, ಇವತ್ತು ಎರಡು ನಿಮಿಷ ಲೇಟು" ಅಂದ್ರು. ಆಗ ನನಗೆ ರೇಗಿ ಹೋಯ್ತು, ಎಣಿಸೋದ್ರ ಬದಲು ಹತ್ತೋಣ ನಡೀರಿ ಅಂತ ಚಪ್ಪಲಿ ಹಾಕ್ಕೊಂಡೆ. ಮಗಳೇನೂ ಬಾಗಿಲಿಗೆ ಬೀಗ ಹಾಕಿರಲಿಲ್ಲ.

ಮೊದಲನೇ ಬಸ್ಸು ನಮ್ಮನ್ನ ಬಿಟ್ಟು ಹೋಯ್ತು. ಸ್ಟಾಪಲ್ಲಿ ಸುಮ್ನೆ ನಿಂತಿದ್ರೆ ನಿಲ್ಲಿಸಲ್ಲ, ಕೈ ಚಾಚಬೇಕು. ನಮ್ಮೂರಲ್ಲಿ ಕೈ ಚಾಚಿದ್ರೂ ನಿಲ್ಸಲ್ಲ ಅದು ಬೇರೆ ವಿಷ್ಯ ಅಂದೆ, ಅವರಿಗೆ ಕೋಪ ಬಂತು, ಡಿಪಾರ್ಟ್‌ಮೆಂಟ್ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ. ಎರಡನೇ ಬಸ್ಸು ಬಂತು, ನಿಂತಿತು, ಉಸ್ಸ್ ಅಂತ ಶಬ್ದ ಮಾಡಿ ಮುಂದಿನ ಎಡಗಡೆ ಕೆಳಗೆ ಬಗ್ಗಿತು. ನಾನು ಪಂಕ್ಚರ್ ಆಯ್ತು ಅಂದ್ಕೊಂಡೆ. ವಯಸ್ಸಾದೋರು ಹತ್ತಲಿ ಅಂತ ಬಸ್ಸೇ ಮಂಡಿ ಬಗ್ಗಿಸುತ್ತಂತೆ. ನಮ್ಮೆಜಮಾನ್ರು ಹತ್ತಲೇ ಇಲ್ಲ, ಅಲ್ಲೇ ನಿಂತು ನೋಡ್ತಾ ಇದ್ದಾರೆ, ಹಿಂದೆ ಕ್ಯೂ, ಆದ್ರೆ ಒಬ್ಬರೂ ಬೇಗ ಬೇಗ ಅನ್ನಲಿಲ್ಲ. ಕಂಡಕ್ಟರ್ ಇಲ್ಲ, ಡ್ರೈವರ್ ಹತ್ರಾನೇ ಕಾರ್ಡು ಮುಟ್ಟಿಸ್ಬೇಕು. ಆಗ ಇಂಗ್ಲೆಂಡ್ ಪೂರ್ತಿ ಹೆಚ್ಚಿನ ಲೋಕಲ್ ಬಸ್ಸಲ್ಲಿ ಎಷ್ಟು ದೂರ ಹೋದ್ರೂ ಒಂದು ಟ್ರಿಪ್ಪಿಗೆ 2 ಪೌಂಡ್ ಮೇಲೆ ತಗೊಳ್ಳೋ ಹಾಗಿರಲಿಲ್ಲ, 2025ರ ಜನವರಿಯಿಂದ ಅದನ್ನ 3 ಪೌಂಡ್ ಮಾಡಿದ್ದಾರೆ. ಇಳಿಯೋವಾಗ ಪ್ರತಿಯೊಬ್ರೂ ಡ್ರೈವರ್‌ಗೆ ಥ್ಯಾಂಕ್ಯೂ ಹೇಳಿ ಇಳೀತಾರೆ, ಸ್ಕೂಲ್ ಹುಡುಗ್ರೂ ಸಹ. ಇದೊಂದು ನೋಡಿ ನಮ್ಮೆಜಮಾನ್ರು ಸುಮಾರು ಹೊತ್ತು ಮಾತಾಡಲಿಲ್ಲ. ಅಷ್ಟು ವರ್ಷ ಸರ್ವಿಸಲ್ಲಿ ಅವರಿಗೆ ಎಷ್ಟು ಜನ ಥ್ಯಾಂಕ್ಸ್ ಹೇಳಿರ್ಬೋದು ಅಂತ ನಾನು ಕೇಳಲಿಲ್ಲ, ಚಿಲ್ಲರೆಗೆ ಜಗಳ ಆಡಿದೋರೇ ಜಾಸ್ತಿ.

ಹೀಗೆ ಶುರುವಾಯ್ತು. ಊರೊಳಗೇ ಮೊದಲು. ಫೋರ್ಬರಿ ಗಾರ್ಡನ್ ಅಂತ ಪಾರ್ಕಿದೆ, ಅದರಲ್ಲಿ ಒಂದು ದೊಡ್ಡ ಎರಕದ ಕಬ್ಬಿಣದ ಸಿಂಹ, ಅಫ್ಘಾನಿಸ್ತಾನದ ಮೈವಾಂಡ್ ಅನ್ನೋ ಕಡೆ 1880ರ ಯುದ್ಧದಲ್ಲಿ ಸತ್ತ ಆ ಜಿಲ್ಲೆಯ ರೆಜಿಮೆಂಟಿನ ಸೈನಿಕರ ನೆನಪಿಗೆ. ಪಕ್ಕದಲ್ಲೇ ಪಾಳು ಬಿದ್ದಿರೋ ಅಬ್ಬೆ, ಅಂದ್ರೆ ಕ್ರಿಶ್ಚಿಯನ್ ಸನ್ಯಾಸಿಗಳ ಮಠ, ಒಂದನೇ ಹೆನ್ರಿ 1121ರಲ್ಲಿ ಕಟ್ಟಿಸಿದ್ದು, ಅವನನ್ನ ಹೂತಿರೋದೂ ಅಲ್ಲೇ, ಆದ್ರೆ ಸರಿಯಾಗಿ ಯಾವ ಜಾಗ ಅಂತ ಗುರುತಿಲ್ಲ. ನಾವು ಅಲ್ಲಿ ಕಲ್ಲಿನ ಮೇಲೆ ಕೂತು ಚಪಾತಿ ಪಲ್ಯ ತಿಂದ್ವಿ. ನಾನು ಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದೋಳು, ರಾಜರುಗಳ ಹೆಸರು ಇಸವಿ ಬಾಯಿಪಾಠ ಮಾಡಿಸಿದೋಳು, ಒಬ್ಬ ರಾಜನ ತಲೆ ಮೇಲೆ ಕೂತಿದ್ದೀನೋ ಕಾಲ ಮೇಲೆ ಕೂತಿದ್ದೀನೋ ಅಂತ ಅನುಮಾನ ಪಟ್ಕೊಂಡು ಪಲ್ಯ ತಿಂದಿದ್ದು ಅದೇ ಮೊದಲು.

ಈಗ ನಾನು ಮುಖ್ಯವಾಗಿ ಹೇಳ್ಬೇಕಾಗಿದ್ದು. ಅಲ್ಲಿ ಟ್ರೈನಿಗೆ ಟೂ ಟುಗೆದರ್ ರೈಲ್‌ಕಾರ್ಡ್ ಅಂತ ಒಂದಿದೆ. ನಾವು ತಗೊಂಡಾಗ ವರ್ಷಕ್ಕೆ 30 ಪೌಂಡ್, ಈಗ 35 ಆಗಿದೆ. ಇಬ್ಬರ ಫೋಟೋನೂ ಒಂದೇ ಕಾರ್ಡಲ್ಲಿರುತ್ತೆ. ಆ ಇಬ್ಬರೂ ಜೊತೇಲಿ ಹೋದ್ರೆ ಟಿಕೆಟ್ಟಲ್ಲಿ ಮೂರನೇ ಒಂದು ಭಾಗ ಕಡಿಮೆ, ಒಬ್ರೇ ಹೋದ್ರೆ ಏನೂ ಇಲ್ಲ. ಹಿರಿಯರಿಗೆ ಅಂತ ಬೇರೆ ಕಾರ್ಡೂ ಇದೆ, 60 ದಾಟಿರಬೇಕು ಅಷ್ಟೇ, ಆದ್ರೆ ಅದು ತಲಾ ಒಂದೊಂದು ತಗೋಬೇಕು. ಇದಾದ್ರೆ ಇಬ್ಬರಿಗೂ ಸೇರಿ ಒಂದೇ. ನಮ್ಮ ಮಗಳಿಗೆ ಎಂಟು ವರ್ಷದಿಂದ ಅಲ್ಲಿದ್ರೂ ಈ ಕಾರ್ಡು ಗೊತ್ತಿರಲಿಲ್ಲ, ಸ್ಟೇಷನ್ನಲ್ಲಿ ಗೋಡೆ ಮೇಲಿದ್ದ ಪೋಸ್ಟರ್ ನೋಡಿ ಕಂಡು ಹಿಡಿದಿದ್ದು ನಮ್ಮೆಜಮಾನ್ರು. ಕಾರಲ್ಲಿ ಓಡಾಡೋರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ.

ಒಂದು ಷರತ್ತಿದೆ, ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9.30ರ ಒಳಗೆ ಆ ಕಾರ್ಡ್ ನಡೆಯಲ್ಲ. ಆಫೀಸ್ ಜನದ ನೂಕುನುಗ್ಗಲಲ್ಲಿ ನಾವು ಹೋಗ್ಬಾರ್ದು ಅಂತ. ಇದನ್ನ ನಾವು ಓದಿರಲಿಲ್ಲ. ಮೊದಲನೇ ಸಲ ಲಂಡನ್ನಿಗೆ ಹೊರಟಾಗ ಒಂಬತ್ತೂಕಾಲರ ಟ್ರೈನ್ ಹತ್ತಿಬಿಟ್ವಿ. ಟಿಕೆಟ್ ಚೆಕ್ ಮಾಡೋರು ಬಂದ್ರು, ಕಾರ್ಡ್ ನೋಡಿದ್ರು, ಗಡಿಯಾರ ನೋಡಿದ್ರು, ಸರ್ ಈ ಟ್ರೈನಿಗೆ ಇದು ಆಗಲ್ಲ ಅಂದ್ರು. ಕೈಯಲ್ಲಿ ಮಷಿನ್, ಕುತ್ತಿಗೇಲಿ ಐಡಿ ಕಾರ್ಡ್, ಮುಖದಲ್ಲಿ ಅದೇ ಮರ್ಯಾದೆಯಾದ ನಗು. ನಮ್ಮೆಜಮಾನ್ರ ಮುಖ ನೋಡೋ ಹಾಗಿತ್ತು! ಕೊನೇ ಹನ್ನೊಂದು ವರ್ಷ ಬಸ್ಸು ಅಡ್ಡ ಹಾಕಿ ಟಿಕೆಟ್ ಇಲ್ದೋರನ್ನ ಹಿಡಿದ ಮನುಷ್ಯ, ಮೈಸೂರು-ನಂಜನಗೂಡು ರೂಟಲ್ಲಿ ಇವರ ಜೀಪು ಕಂಡ್ರೆ ಜನ ಟಿಕೆಟ್ ಹುಡುಕ್ತಿದ್ರು, ಅಂಥೋರು ಲಂಡನ್ ಟ್ರೈನಲ್ಲಿ ಸಿಕ್ಕಿಹಾಕ್ಕೊಂಡ್ರು. ವ್ಯತ್ಯಾಸದ ದುಡ್ಡು ಕಟ್ಟಿದ್ವಿ. ಅವರು ಹೋದ್ಮೇಲೆ ಇವರು ಮೆತ್ತಗೆ ಹೇಳಿದ್ರು, "ಒಳ್ಳೆ ಮನುಷ್ಯ, ನಾನಾಗಿದ್ರೆ ಇಷ್ಟು ಸಮಾಧಾನವಾಗಿ ಹೇಳ್ತಿರಲಿಲ್ಲ". ಮದುವೆ ಆದ್ಮೇಲೆ ಅವರು ತಪ್ಪು ಒಪ್ಕೊಂಡ ಎರಡನೇ ಸಂದರ್ಭ ಅದು. ಮೊದಲನೇದು ಮನೆ ವಿಷ್ಯ, ಪತ್ರಿಕೇಲಿ ಬೇಡ.

ಆದ್ರೆ ನೋಡಿ, 9.30 ಅನ್ನೋದು ನಮಗೆ ಎಷ್ಟು ಸರಿ ಹೋಯ್ತು ಅಂದ್ರೆ, ಹುಡುಗನ್ನ ಎಂಟೂಮುಕ್ಕಾಲಿಗೆ ಸ್ಕೂಲಿಗೆ ಬಿಟ್ಟು ಹಾಗೇ ಬಸ್ಸು ಹಿಡಿದ್ರೆ ಸ್ಟೇಷನ್ ಸೇರೋ ಹೊತ್ತಿಗೆ ಕಾರ್ಡ್ ನಡೆಯೋ ಟೈಮ್ ಆಗಿರ್ತಿತ್ತು. ಹತ್ರದ ಊರಾದ್ರೆ ಮೂರೂಕಾಲಿಗೆ ವಾಪಸ್ ಸ್ಕೂಲ್ ಗೇಟಲ್ಲಿ. ದೂರ ಆದ್ರೆ ಅಳಿಯ ವರ್ಕ್ ಫ್ರಂ ಹೋಂ ಇರೋ ಮಂಗಳವಾರ ಗುರುವಾರ, ಅವತ್ತು ಅವರೇ ಹುಡುಗನ್ನ ಕರ್ಕೊಂಡು ಬರೋರು. ಜೂನಲ್ಲಿ ಅಲ್ಲಿ ರಾತ್ರಿ ಒಂಬತ್ತೂಕಾಲಾದ್ರೂ ಬೆಳಕಿರುತ್ತೆ, ಸಂಜೆ ದೀಪ ಯಾವಾಗ ಹಚ್ಚೋದು ಅನ್ನೋದೇ ನನಗೆ ದೊಡ್ಡ ಸಮಸ್ಯೆ ಆಗಿತ್ತು, ಕೊನೆಗೆ ಏಳು ಗಂಟೆ ಅಂತ ನಾನೇ ಫಿಕ್ಸ್ ಮಾಡ್ಕೊಂಡೆ. ಕತ್ತಲಾಗೋ ಭಯ ಇಲ್ದೇ ಇದ್ರೆ ವಯಸ್ಸಾದೋರಿಗೆ ಅರ್ಧ ಧೈರ್ಯ ಬಂದ ಹಾಗೆ. ಅದಕ್ಕೇ ಹೋಗೋರಿಗೆ ನನ್ನ ಸಲಹೆ, ಮೇ ಇಂದ ಸೆಪ್ಟೆಂಬರ್ ಒಳಗೆ ಹೋಗಿ. ಡಿಸೆಂಬರಲ್ಲಿ ಹೋದೋರು ಪಂಜರ ಅಂತ ಬರೆದ್ರೆ ನಾನು ಒಪ್ಕೋತೀನಿ, ನಾಲ್ಕು ಗಂಟೆಗೆಲ್ಲ ಕತ್ತಲಂತೆ.

ಲಂಡನ್ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲಾರೂ ಬರೆದಿದ್ದಾರೆ. ಎರಡು ಮಾತ್ರ. ಥೇಮ್ಸ್ ದಡದಲ್ಲಿ, ಲ್ಯಾಂಬೆತ್ ಸೇತುವೆ ಹತ್ರ ಬಸವಣ್ಣನವರ ಪುತ್ಥಳಿ ಇದೆ, 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಅದಕ್ಕೆ ಓಡಾಡಿದೋರು ಲ್ಯಾಂಬೆತ್ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು. ಎದುರುಗಡೆ ದಡದಲ್ಲಿ ಅವರ ಪಾರ್ಲಿಮೆಂಟು. ನಮ್ಮೆಜಮಾನ್ರು ಶೂ ಬಿಚ್ಚಿಟ್ಟು ಸಾಕ್ಸಲ್ಲಿ ನಿಂತು ಕೈ ಮುಗಿದ್ರು, ಜಾಗಿಂಗ್ ಮಾಡ್ತಿದ್ದ ಒಬ್ಬ ಹುಡುಗಿ ನಿಂತು ಯಾರಿವರು ಅಂದ್ಳು. ಹನ್ನೆರಡನೇ ಶತಮಾನದೋರು ಅಂತ ಶುರು ಮಾಡಿ ನಾನು ಹತ್ತು ನಿಮಿಷ ಪಾಠ ಮಾಡಿದೆ, ನಮ್ಮ ಸರ್ಕಾರಿ ಸ್ಕೂಲ್ ಇಂಗ್ಲಿಷಲ್ಲಿ, ಆ ಮಗು ಪೂರ್ತಿ ಕೇಳಿಸ್ಕೊಂಡ್ಳು. ಇನ್ನೊಂದು, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿರೋ ಟಿಪ್ಪುವಿನ ಹುಲಿ. ಮರದ ಹುಲಿ, ಕೆಳಗೆ ಬಿದ್ದಿರೋ ಬಿಳಿ ಸಿಪಾಯಿ, ಪಕ್ಕದಲ್ಲಿ ತಿರುಗಿಸೋ ಹ್ಯಾಂಡಲ್ಲು, ಹೊಟ್ಟೆ ಒಳಗೆ ಆರ್ಗನ್ನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ತಗೊಂಡು ಹೋಗಿದ್ದು. ಒಳಗೆ ಹೋಗೋಕೆ ಟಿಕೆಟ್ ಇಲ್ಲ. ನಮ್ಮೆಜಮಾನ್ರು ಹುಟ್ಟಿದ್ದು ಶ್ರೀರಂಗಪಟ್ಟಣ ತಾಲ್ಲೂಕು, ಗಾಜಿನ ಮುಂದೆ ನಿಂತು "ನಮ್ಮೂರಿಂದು ನೋಡೋಕೆ ಇಷ್ಟು ದೂರ ಬರ್ಬೇಕಾಯ್ತಲ್ಲ" ಅಂದ್ರು. ಇನ್ನು ಜಾಸ್ತಿ ಬರೆದ್ರೆ ನಿಮ್ಮ ಪತ್ರಗಳ ಕಾಲಮ್ಮಲ್ಲಿ ಒಂದು ತಿಂಗಳು ಜಗಳ ನಡೆಯುತ್ತೆ, ಬಿಡಿ.

ನನಗೆ ಲಂಡನ್ನಿಗಿಂತ ಮನಸ್ಸಲ್ಲಿ ಉಳಿದಿದ್ದು ಒಂದು ಬಾವಿ. ರೆಡಿಂಗಿನಿಂದ ಉತ್ತರಕ್ಕೆ ಸ್ಟೋಕ್ ರೋ ಅಂತ ಹಳ್ಳಿ, ಗುಡ್ಡದ ಮೇಲೆ, ಸುತ್ತ ಬೀಚ್ ಅನ್ನೋ ಜಾತಿ ಮರದ ಕಾಡು. ಅಲ್ಲಿ ಮಹಾರಾಜಾಸ್ ವೆಲ್ ಅಂತಾನೇ ಹೆಸರು. ಕಥೆ ಏನಪ್ಪಾ ಅಂದ್ರೆ, ಆ ಕಡೆಯ ರೀಡ್ ಅನ್ನೋ ಇಂಗ್ಲಿಷ್ ಅಧಿಕಾರಿ ಉತ್ತರ ಇಂಡಿಯಾದಲ್ಲಿ ಕೆಲಸ ಮಾಡೋವಾಗ ಕಾಶಿ ಮಹಾರಾಜರ ಹತ್ರ ತನ್ನ ಊರಿನ ನೀರಿನ ಕಷ್ಟ ಹೇಳ್ಕೊಂಡಿದ್ದ, ಮನೇಲಿದ್ದ ಕೊನೇ ನೀರು ಕುಡಿದ ಅಂತ ಒಬ್ಬ ತಾಯಿ ಮಗನಿಗೆ ಹೊಡೆದಿದ್ದನ್ನ ಹೇಳಿದ್ದ. ರಾಜ ಅದನ್ನ ನೆನಪಿಟ್ಕೊಂಡು ಆಮೇಲೆ ದುಡ್ಡು ಕೊಟ್ಟು ಬಾವಿ ತೋಡಿಸಿದ. 1863ರಲ್ಲಿ ಶುರು, 1864ರಲ್ಲಿ ಮುಗೀತು. ಆಳ 368 ಅಡಿ, ಅಗಲ ನಾಲ್ಕೇ ಅಡಿ, ಪೂರ್ತಿ ಕೈಯಲ್ಲೇ ತೋಡಿದ್ದು. ಕುತುಬ್ ಮಿನಾರನ್ನ ಒಂದೂವರೆ ಸಲ ಇಳಿಸ್ಬೋದು. ಮೇಲೆ ಗುಮ್ಮಟ, ರಾಟೆ ಮೇಲೆ ಬಂಗಾರದ ಬಣ್ಣದ ಆನೆ. ಬಾವಿ ನೋಡ್ಕೊಳ್ಳೋ ಖರ್ಚಿಗೆ ಅಂತ ಪಕ್ಕದಲ್ಲಿ ಚೆರ್ರಿ ತೋಟ ಬೇರೆ ಹಾಕ್ಸಿದ್ರಂತೆ, ನೋಡಿ ಬುದ್ಧಿ ಹೇಗಿದೆ. ನಮ್ಮಲ್ಲಿ ಬಾವಿ ಕಟ್ಸಿ ಉದ್ಘಾಟನೆ ಕಲ್ಲು ನೆಟ್ಟು ಹೋಗೋರು ತುಂಬ ಜನ, ರಾಟೆ ಮುರಿದ್ರೆ ಯಾರು ದುಡ್ಡು ಕೊಡ್ತಾರೆ ಅಂತ ಯೋಚಿಸೋರು ಕಮ್ಮಿ.

ಅಲ್ಲಿಗೆ ಹೋಗಿದ್ದು ಒಂದು ಬುಧವಾರ. ಸೋನಿಂಗ್ ಕಾಮನ್ ಅನ್ನೋ ಊರಿನ ತನಕ ಬಸ್ಸು, ಅಲ್ಲಿಂದ ಸುಮಾರು ಐದು ಕಿಲೋಮೀಟರ್ ನಡೆದ್ವಿ. ಅಲ್ಲಿ ಪಬ್ಲಿಕ್ ಫುಟ್‌ಪಾತ್ ಅಂದ್ರೆ ರಸ್ತೆ ಪಕ್ಕದ ಕಲ್ಲಲ್ಲ, ಯಾರದೋ ಹೊಲದ ನಡುವೆ, ಕಾಡಿನ ನಡುವೆ ಇರೋ ಕಾಲುದಾರಿ, ಕಂಬದಲ್ಲಿ ಹಳದಿ ಬಾಣ ಹಾಕಿರ್ತಾರೆ, ಆ ದಾರೀಲಿ ಯಾರು ಬೇಕಾದ್ರೂ ನಡೀಬೋದು, ಹೊಲದೋರು ಬೇಡ ಅನ್ನೋ ಹಾಗಿಲ್ಲ. ನಾವು ಒಂದು ಬಾಣ ತಪ್ಪಿಸ್ಕೊಂಡು ಕುರಿ ಹಿಂಡಿನ ಮಧ್ಯೆ ಹೋಗಿ ನಿಂತ್ವಿ. ಇವರಿಗೆ ಮ್ಯಾಪ್ ನೋಡಿ ಅಂದ್ರೆ ಬೇಡ, ರೂಟ್ ನನಗೆ ಗೊತ್ತು ಅಂತಾರೆ, ಇಂಗ್ಲೆಂಡಿನ ಹಳ್ಳಿ ರೂಟ್ ಇವರಿಗೆ ಹೇಗೆ ಗೊತ್ತಿರುತ್ತೆ ಹೇಳಿ. ಅಲ್ಲೇ ಒಂದು ಸಣ್ಣ ಯುದ್ಧ ಆಯ್ತು. ಬಾವಿ ಸೇರೋ ತನಕ ಮಾತಿಲ್ಲ. ಬಗ್ಗಿ ನೋಡಿದ್ಮೇಲೆ ಇಬ್ಬರೂ ಒಟ್ಟಿಗೆ "ಅಬ್ಬಾ" ಅಂದ್ವಿ, ಅಲ್ಲಿಗೆ ರಾಜಿ. ಕಾಶಿ ದೊರೆ ಬಾವಿ ಪಕ್ಕ ಕೂತು ಮೊಸರನ್ನ ಉಪ್ಪಿನಕಾಯಿ. ಕಾಶೀಗೆ ಇನ್ನೂ ಹೋಗಿಲ್ಲ ನಾವು.

ಇನ್ನು ನೆಂಟರ ವಿಷಯ. ನಮ್ಮಲ್ಲಿ ನೆಂಟರ ಮನೆಗೆ ಹೋಗೋದು ಅಂದ್ರೆ ಗೇಟ್ ತೆಗೆದು "ಇದ್ದೀರಾ" ಅಂತ ಕೂಗೋದು ಅಷ್ಟೇ. ಅಲ್ಲಿ ಮೂರು ವಾರ ಮೊದಲೇ ಕ್ಯಾಲೆಂಡರ್ ನೋಡ್ಬೇಕು. ಮೊದಮೊದಲು ನನಗೆ ಇದು ಬಿಂಕ ಅನ್ನಿಸಿತ್ತು. ನಮ್ಮೆಜಮಾನ್ರ ಅಕ್ಕನ ಮಗ ಕಾರ್ಡಿಫಲ್ಲಿದ್ದಾನೆ, ಫೋನಲ್ಲಿ "ಅತ್ತೆ ಯಾವಾಗ ಬೇಕಾದ್ರೂ ಬನ್ನಿ" ಅಂದ, ನಾವು ನಿಜವಾಗ್ಲೂ ನಾಡಿದ್ದೇ ಬರ್ತೀವಿ ಅಂದ್ವಿ. ಪಾಪ ಎರಡು ದಿನ ರಜಾ ಹಾಕಿದ, ಹೆಂಡತಿ ಆಸ್ಪತ್ರೇಲಿ ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಇಲ್ದೆ ಹೋಳಿಗೆ ಮಾಡಿದ್ಳು. ಆ ಹುಡುಗಿ ಕಣ್ಣು ನೋಡಿ ನನಗೆ ಹೊಟ್ಟೆ ಉರೀತು. ಎರಡನೇ ದಿನ ನಾನು ಹೇಳಿದೆ, ನೀನು ಮಲಗಮ್ಮ, ಇವನನ್ನೂ ಆಫೀಸಿಗೆ ಕಳಿಸು, ನಮಗೆ ಒಂದು ಬೀಗದ ಕೈ ಕೊಡು ಸಾಕು. ಅಲ್ಲಿಂದ ಮುಂದೆ ಯಾವ ನೆಂಟರ ಮನೆಗೆ ಹೋದ್ರೂ ಎರಡೇ ರಾತ್ರಿ, ಒಂದು ಹೊತ್ತಿನ ಅಡುಗೆ ನಂದು, ಹಗಲೆಲ್ಲ ನಾವು ಹೊರಗೆ. ಹೀಗೆ ಮಾಡಿದ್ರೆ ಅವರೂ ಇನ್ನೊಂದ್ಸಲ ಬನ್ನಿ ಅಂತ ಬಾಯ್ತುಂಬ ಹೇಳ್ತಾರೆ.

ಕಾರ್ಡಿಫಿಗೆ ಹೋಗೋ ದಾರೀಲಿ ಸೆವರ್ನ್ ನದಿ ಕೆಳಗೆ ಏಳು ಕಿಲೋಮೀಟರ್ ಸುರಂಗ, 1886ರದ್ದು. ಹೊರಗೆ ಬಂದ್ರೆ ವೇಲ್ಸ್. ಸ್ಟೇಷನ್ ಬೋರ್ಡಲ್ಲಿ ಕಾರ್ಡಿಫ್ ಅಂತಾನೂ ಇದೆ, ಕೇರ್‌ದಿದ್ ಅಂತ ವೆಲ್ಷ್ ಅನ್ನೋ ಅವರ ಭಾಷೇಲೂ ಇದೆ. ಅನೌನ್ಸ್‌ಮೆಂಟ್ ಮೊದಲು ವೆಲ್ಷಲ್ಲಿ ಆಮೇಲೆ ಇಂಗ್ಲಿಷಲ್ಲಿ. ರಸ್ತೆ ಮೇಲೆ ದೊಡ್ಡದಾಗಿ ಅರಾವ್ ಅಂತ ಬರೆದಿರ್ತಾರೆ, ನಿಧಾನ ಅಂತ ಅರ್ಥ. ಅಲ್ಲಿ ವೆಲ್ಷ್ ಬರದೇ ಇರೋರೇ ಜಾಸ್ತಿ ಅಂತೆ, ಆದ್ರೂ ಬೋರ್ಡಿಗೆ ಯಾರೂ ಗಲಾಟೆ ಮಾಡಿದ್ದು ನನಗೆ ಕಾಣಲಿಲ್ಲ. ಇಂಗ್ಲೆಂಡಿನ ಬಗಲಲ್ಲೇ ಕೂತ್ಕೊಂಡು ಇಂಗ್ಲಿಷನ್ನ ಎರಡನೇ ಸಾಲಿಗೆ ಹಾಕಿದ್ದಾರಲ್ಲ ಅಂತ ನಮ್ಮೆಜಮಾನ್ರಿಗೆ ಖುಷಿಯೋ ಖುಷಿ, ಅರಾವ್ ಅರಾವ್ ಅಂತ ಎರಡು ದಿನ ನನ್ನನ್ನ ಕಾಡಿದ್ರು. ಬೋರ್ಡಲ್ಲಿ ಕನ್ನಡ 60 ಪರ್ಸೆಂಟ್ ಇರ್ಬೇಕು ಅಂತ ನಮ್ಮಲ್ಲಿ ಅದೇ ವರ್ಷ ಕಾನೂನು ತಂದ್ರಲ್ಲ, ಆಗ ನಡೆದ ರಾದ್ಧಾಂತ ನೆನಪಾಗಿ ನಾನು ಸುಮ್ನೆ ನಕ್ಕೆ.

ಇನ್ನೊಬ್ರು ನನ್ನ ದೊಡ್ಡಮ್ಮನ ಮಗಳು, ಬರ್ಮಿಂಗ್‌ಹ್ಯಾಮಲ್ಲಿ. 1982ರಲ್ಲಿ ಡಾಕ್ಟ್ರು ಗಂಡನ ಜೊತೆ ಹೋದೋರು. ರೆಡಿಂಗಿನಿಂದ ಒಂದೇ ಟ್ರೈನು, ಒಂದೂವರೆ ಗಂಟೆ ಮೇಲೆ ಸ್ವಲ್ಪ. ಅಕ್ಕನ ಕನ್ನಡ 1982ರಲ್ಲೇ ನಿಂತುಬಿಟ್ಟಿದೆ ಸಾರ್. ನಮ್ಮ ಹಾಗೆ ಟೆನ್ಷನ್ನು ಬೋರು ಅನ್ನೋ ಮಾತೇ ಇಲ್ಲ, "ತಲೆ ಬಿಸಿ", "ಬೇಜಾರು", ಅಪ್ಪಟ ಮೈಸೂರಿನ ಅಗ್ರಹಾರದ ಮಾತು, ನಮ್ಮ ದೊಡ್ಡಮ್ಮಾನೇ ಎದ್ದು ಬಂದು ಮಾತಾಡಿದ ಹಾಗೆ. ಚಿಕ್ಕ ಗಡಿಯಾರದ ಹತ್ರ ಹೂವಿನೋರು ಇನ್ನೂ ಕೂರ್ತಾರಾ, ದೇವರಾಜ ಮಾರ್ಕೆಟ್ಟಲ್ಲಿ ಒಳಗೆ ಬಾಳೆಹಣ್ಣಿನ ಸಾಲು ಹಾಗೇ ಇದೆಯಾ ಅಂತ ಒಂದೊಂದೇ ಕೇಳಿದ್ರು. 2016ರಲ್ಲಿ ಮಾರ್ಕೆಟ್ಟಿನ ಒಂದು ಭಾಗ ಕುಸಿದು ಬಿತ್ತು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಇವರು ಹೇಳಿಬಿಟ್ರು. ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದು "ಕಾಫಿ ಮಾಡ್ತೀನಿ" ಅಂತ ಎದ್ದು ಹೋದ್ರು. ಆಮೇಲೆ ಅಡುಗೆಮನೇಲಿ ಇಬ್ಬರೂ ಹುಳಿಗೆ ತರಕಾರಿ ಹೆಚ್ಚುತ್ತಾ ರಾತ್ರಿ ಹನ್ನೊಂದರ ತನಕ ಸತ್ತೋರು ಇದ್ದೋರು ಎಲ್ಲರ ಲೆಕ್ಕ ಹಾಕಿದ್ವಿ. ನನ್ನ ಇಡೀ ಪ್ರಯಾಣದಲ್ಲಿ ಆ ರಾತ್ರಿಯ ಸಮಕ್ಕೆ ಇನ್ನೊಂದು ಇಲ್ಲ, ಅದನ್ನ ಯಾವ ಪ್ಯಾಕೇಜ್ ಟೂರಿನೋರು ತೋರಿಸ್ತಾರೆ.

ಮಧ್ಯೆ ಜುಲೈ 4ಕ್ಕೆ ಅಲ್ಲಿ ಎಲೆಕ್ಷನ್ ಬಂತು. ಗುರುವಾರ, ರಜಾನೂ ಇಲ್ಲ, ಮೈಕೂ ಇಲ್ಲ, ಜನ ನಾಯಿ ಕರ್ಕೊಂಡು ಬಂದು ವೋಟ್ ಹಾಕಿ ಹೋದ್ರು. ನಮ್ಮ ಕರ್ನಾಟಕದ ಅಳಿಯ ಸುನಕ್ ಅವರ ಪಾರ್ಟಿ ಸೋತಿತು, ನಮ್ಮನೆ ಅಳಿಯನಿಗೆ ಒಂದು ಹೊತ್ತು ಊಟ ಸೇರಲಿಲ್ಲ.

ಖರ್ಚು ಕಷ್ಟದ ಬಗ್ಗೆನೂ ಹೇಳ್ಬೇಕು, ಬರೀ ಹೊಗಳಿದ್ರೆ ನೀವು ನಂಬಲ್ಲ. ವೀಸಾಗೆ ಬೆರಳಚ್ಚು ಕೊಡೋಕೆ ಬೆಂಗಳೂರಿಗೇ ಹೋಗ್ಬೇಕು, ಆರು ತಿಂಗಳ ವೀಸಾಗೆ ಆಗ ತಲಾ 115 ಪೌಂಡ್. ಪೌಂಡಿಗೆ ನೂರೈದು ರೂಪಾಯಿ ಮೇಲಿತ್ತು, ಟೀ ಕುಡಿಯೋಕೂ ಮನಸ್ಸಲ್ಲಿ ಗುಣಾಕಾರ ಮಾಡಿ ಮಾಡಿ ಬಾಯಿ ಒಣಗುತ್ತೆ, ಅದಕ್ಕೆ ಫ್ಲಾಸ್ಕು ಯಾವಾಗಲೂ ಜೊತೆಗೇ. ಇನ್ಶೂರೆನ್ಸ್ ವಿಷಯದಲ್ಲಿ ಒಂದು ಎಚ್ಚರಿಕೆ. ನಮಗೆ ಪಾಲಿಸಿ ಮಾಡಿಸಿಕೊಟ್ಟ ಏಜೆಂಟು, ಯಾರು ಅಂತ ಬೇಡ, ನಮ್ಮೆಜಮಾನ್ರ ಬಿಪಿ ಬರೀಬೇಡಿ ಪ್ರೀಮಿಯಂ ಜಾಸ್ತಿ ಆಗುತ್ತೆ ಅಂದ. ಮಗಳು ಫೋನಲ್ಲೇ ಬೈದ್ಲು, ಇರೋ ಕಾಯಿಲೆ ಮುಚ್ಚಿಟ್ರೆ ನಾಳೆ ಕ್ಲೇಮ್ ಮಾಡೋ ಹೊತ್ತಿಗೆ ಅದನ್ನೇ ಹಿಡ್ಕೊಂಡು ಆಗಲ್ಲ ಅಂತಾರೆ ಅಂತ. ಅಲ್ಲಿ ಸರ್ಕಾರಿ ಆಸ್ಪತ್ರೆ ಎಲ್ಲಾರಿಗೂ ಫ್ರೀ ಅಂತ ನಮ್ಮೋರು ತಿಳ್ಕೊಂಡಿದ್ದಾರೆ. ಎಮರ್ಜೆನ್ಸೀಲಿ ನೋಡೋದು ಫ್ರೀ, ಆದ್ರೆ ವಿಸಿಟರ್ ವೀಸಾದೋರು ಅಡ್ಮಿಟ್ ಆದ್ರೆ ಅವರ ರೇಟಿನ ಒಂದೂವರೆ ಪಟ್ಟು ಬಿಲ್ಲು. ಹಾಗಾಗಿ ಇದ್ದಿದ್ದು ಇದ್ದಹಾಗೆ ಬರೆದು ದುಡ್ಡು ಕಟ್ಟಿ. ಮಾತ್ರೆ ಇರೋಷ್ಟು ದಿನಕ್ಕೂ ತಗೊಂಡು ಹೋಗಿ, ಡಾಕ್ಟರ್ ಚೀಟಿ ಸಮೇತ.

ಇನ್ನೊಂದು ಮಾತು ನ್ಯಾಯವಾಗಿ ಹೇಳ್ಬೇಕು. ಎಲ್ಲಾ ದೇಶಾನೂ ಹೀಗಿಲ್ಲ. ನನ್ನ ತಂಗಿ ಟೆಕ್ಸಾಸಲ್ಲಿ ಹ್ಯೂಸ್ಟನ್ ಹೊರಗಡೆ ಮಗನ ಮನೇಲಿದ್ದಾಳೆ, "ಅಕ್ಕಾ, ಇಲ್ಲಿ ಕಾರಿಲ್ದೆ ಒಂದು ಪ್ಯಾಕೆಟ್ ಹಾಲೂ ತರೋಕಾಗಲ್ಲ, ಬಸ್ಸು ಅನ್ನೋದನ್ನ ನಾನು ನೋಡಿರೋದು ಸ್ಕೂಲ್ ಮಕ್ಕಳದ್ದು ಮಾತ್ರ, ಹಳದಿ" ಅಂತಾಳೆ. ಪತ್ರ ಬರೆದ ಹಿರಿಯರು ಯಾವ ಊರಿಗೆ ಹೋಗಿದ್ರೋ ಅವರು ಬರೆದಿಲ್ಲ, ಅಂಥ ಊರಾಗಿದ್ರೆ ನನ್ನ ಮಾತು ವಾಪಸ್. ಆದ್ರೆ ಬಸ್ಸು ಟ್ರೈನು ಇರೋ ಊರಲ್ಲಿ ಕೂತು ಪಂಜರ ಅಂದ್ರೆ ಒಪ್ಪಲ್ಲ. ನಿಮ್ಮ ಪತ್ರಿಕೆಯೋರಿಗೂ ಒಂದು ಬೇಡಿಕೆ, ಭಾನುವಾರದ ಪುರವಣೀಲಿ ಹತ್ತು ದಿನಕ್ಕೆ ಏಳು ದೇಶ ಅಂತ ಟೂರಿನ ಲೇಖನ ಹಾಕೋ ಬದಲು, ಸಿಂಗಾಪುರ, ಮೆಲ್ಬರ್ನ್, ನ್ಯೂಜೆರ್ಸಿ ಹೀಗೆ ನಮ್ಮ ಮಕ್ಕಳು ಇರೋ ಊರುಗಳಲ್ಲಿ ಹಿರಿಯರಿಗೆ ಬಸ್ ಪಾಸ್ ಹೇಗೆ, ಟ್ರೈನ್ ರಿಯಾಯಿತಿ ಏನು, ಯಾವ ತಿಂಗಳು ಹೋದ್ರೆ ಒಳ್ಳೇದು ಅಂತ ವಾರಕ್ಕೊಂದು ಊರು ಹಾಕಿ. ಅಲ್ಲಿದ್ದು ಬಂದ ಅಪ್ಪ ಅಮ್ಮಂದಿರ ಕೈಲೇ ಬರೆಸಿ, ಮಕ್ಕಳನ್ನ ಕೇಳ್ಬೇಡಿ, ಅವರಿಗೆ ಪಾರ್ಕಿಂಗ್ ಎಲ್ಲಿದೆ ಅನ್ನೋದು ಬಿಟ್ರೆ ಏನೂ ಗೊತ್ತಿಲ್ಲ.

ಸೆಪ್ಟೆಂಬರಲ್ಲಿ ವಾಪಸ್ ಬಂದ್ವಿ. ಬಂದ್ಮೇಲೂ ಚಟ ಬಿಟ್ಟಿಲ್ಲ, ವಾರಕ್ಕೊಂದು ದಿನ ಬುತ್ತಿ ಕಟ್ಕೊಂಡು ಬಸ್ಸಲ್ಲಿ ಎಲ್ಲಾದ್ರೂ ಹೋಗ್ತೀವಿ. ಹೋದ ಮಂಗಳವಾರ ತಲಕಾಡಿಗೆ. ಶಕ್ತಿ ಯೋಜನೇಲಿ ನನಗೆ ಝೀರೋ ಟಿಕೆಟ್ಟು, ಅವರು ದುಡ್ಡು ಕೊಡ್ಬೇಕು. ಕಂಡಕ್ಟರ್ ಹುಡುಗ ನಮ್ಮೆಜಮಾನ್ರ ಗುರುತು ಹಿಡಿದು ಸಾರ್ ಅಂತ ನಮಸ್ಕಾರ ಮಾಡಿದ, ಇವರು ಪರ್ಸ್ ತೆಗೆದ್ರು, ಅದರೊಳಗೆ ಅವಧಿ ಮುಗಿದಿರೋ ಆ ರೈಲ್‌ಕಾರ್ಡಿನ ಪ್ಲಾಸ್ಟಿಕ್ ತುಂಡು ಇನ್ನೂ ಇದೆ, ನಮ್ಮಿಬ್ಬರ ಫೋಟೋ ಅಕ್ಕಪಕ್ಕ. ಹುಡುಗ ಇದೇನು ಸಾರ್ ಅಂದ. "ಇಬ್ಬರೂ ಜೊತೇಲಿದ್ರೆ ರಿಯಾಯಿತಿ" ಅಂದ್ರು. ಇಲ್ಲಿ ನಡೆಯಲ್ಲ ಸಾರ್ ಅಂತ ಅವನು ನಗ್ತಾ ಟಿಕೆಟ್ ಹರಿದ. ಇಳಿಯೋವಾಗ ಇವರು ಡ್ರೈವರ್ ಬಾಗಿಲ ಹತ್ರ ಹೋಗಿ ಥ್ಯಾಂಕ್ಯೂ ಅಂದ್ರು, ಅವನು ಗಾಬರಿಯಿಂದ ಯಾಕೆ ಸಾರ್ ಏನಾಯ್ತು ಅಂದ.

ಇಂತಿ,
ನಿಮ್ಮ ಹಳೇ ಓದುಗಳು, ನಿವೃತ್ತ ಮೇಡಂ,
ಕುವೆಂಪುನಗರ, ಮೈಸೂರು